ಪ್ರಯೋಗಾಲಯದ ವರದಿ ಚೆನ್ನಾಗಿದೆ, ಆದರೂ ಕೆರೆ ಏಕೆ ಹಸಿರಾಗಿದೆ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಊರು. ಪಟ್ಟಣ ಬೆಳೆದು ಈಗ ನಮ್ಮ ಕೆರೆಯ ಅಂಗಳದವರೆಗೂ ಬಡಾವಣೆಗಳು ಬಂದಿವೆ. ಕೆರೆ ಸುಮಾರು 12 ಎಕರೆ, ತುಂಬಿದಾಗ ಸರಾಸರಿ ಎರಡು ಮೀಟರ್ ನೀರು. ಮೂರು ವರ್ಷದ ಹಿಂದೆ ಹೂಳೆತ್ತಿಸಿ ಜೊಂಡು, ತಾವರೆ, ನೀರೊಳಗಿನ ಕಳೆ ಎಲ್ಲವನ್ನೂ ತೆಗೆಸಿದೆವು. ಮತ್ತೆ ಕಳೆ ಬರದಿರಲಿ ಎಂದು ಹುಲ್ಲುಗೆಂಡೆ ಮೀನಿನ ಮರಿಗಳನ್ನು ಬಿಟ್ಟೆವು. ಈಗ ಪ್ರತಿ ವರ್ಷ ಫೆಬ್ರುವರಿಯಿಂದ ಮಳೆ ಬರುವವರೆಗೆ ನೀರು ಗಾಢ ಹಸಿರು. ದಡದಲ್ಲಿ ಕೆನೆಗಟ್ಟಿ ನಾರುತ್ತದೆ. ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಗಿನ ಜಾವ ರಾಶಿ ಮೀನು ಸತ್ತವು. ನೀರು ಪರೀಕ್ಷೆ ಮಾಡಿಸಿದರೆ ನೈಟ್ರೇಟ್ ಲೀಟರಿಗೆ 1 ಮಿಲಿಗ್ರಾಂ, ಫಾಸ್ಫೇಟ್ ‘ಪತ್ತೆಯಾಗಿಲ್ಲ’, ಎಲ್ಲವೂ ಮಿತಿಯೊಳಗೆ ಎಂದು ಬಂದಿದೆ. ಹಾಗಾದರೆ ಈ ಪಾಚಿಗೆ ಆಹಾರ ಎಲ್ಲಿಂದ? ಪಾಚಿ ಆಮ್ಲಜನಕ ಕೊಡುತ್ತದೆ, ಸ್ಪಿರುಲಿನಾ ಎಂದು ಅಂಗಡಿಯಲ್ಲಿ ಮಾರುವುದೂ ಇದನ್ನೇ, ಹೆದರಬೇಡಿ ಎನ್ನುವವರಿದ್ದಾರೆ. ಮೈಲುತುತ್ತ ಹಾಕಿ ಎನ್ನುವವರೂ ಇದ್ದಾರೆ. ಜಾನುವಾರುಗಳು ಇದೇ ನೀರು ಕುಡಿಯುತ್ತವೆ. ಏನು ಮಾಡಬೇಕು?

ಉತ್ತರ: ಜಾನುವಾರುಗಳ ವಿಷಯ ಕಾಯುವಂಥದ್ದಲ್ಲ, ಆದ್ದರಿಂದ ಮೊದಲು ಅದು. ದಡದಲ್ಲಿ ಕೆನೆಗಟ್ಟಿರುವಷ್ಟು ದಿನ ಅಲ್ಲಿ ದನಕರುಗಳಿಗೆ ನೀರು ಕುಡಿಸಬೇಡಿ, ಮಕ್ಕಳು ಈಜದಂತೆ ನೋಡಿಕೊಳ್ಳಿ. ಗಾಳಿ ಕೆನೆಯನ್ನು ಒಂದು ದಡಕ್ಕೆ ತಳ್ಳಿ ಒಟ್ಟುಮಾಡುವುದರಿಂದ ಕೆರೆಯ ನಡುವಿಗಿಂತ ಅಲ್ಲಿ ಅಪಾಯ ಎಷ್ಟೋ ಪಾಲು ಹೆಚ್ಚು. ಇದು ಹೊಸ ಭಯವಲ್ಲ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ಕೆನೆಯ ನೀರು ಕುಡಿದು ಜಾನುವಾರುಗಳು ಸತ್ತದ್ದನ್ನು ಜಾರ್ಜ್ ಫ್ರಾನ್ಸಿಸ್ ಎಂಬುವರು 1878ರಲ್ಲೇ ವರದಿ ಮಾಡಿದ್ದಾರೆ. ನಿಮ್ಮ ಕೆರೆಯ ಪಾಚಿ ವಿಷಕಾರಿ ಎಂದು ಪತ್ರ ಓದಿದ ಮಾತ್ರಕ್ಕೆ ಹೇಳಲಾಗದು. ಆದರೆ ನೀವು ವಿವರಿಸಿದ ಲಕ್ಷಣಗಳಿಗೆ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಬಹಳ ಚೆನ್ನಾಗಿ ಹೊಂದುತ್ತದೆ. ಅದು ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ. ನೀರು ಕುದಿಸಿದರೂ ಅದು ನಾಶವಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ಈಗ ವರದಿಗೆ ಬರೋಣ. ಅದು ಸುಳ್ಳು ಹೇಳುತ್ತಿಲ್ಲ, ಆದರೆ ನೀವು ಕೇಳಿದ್ದಕ್ಕೆ ಉತ್ತರವನ್ನೂ ಹೇಳುತ್ತಿಲ್ಲ. ನೈಟ್ರೇಟಿಗೆ ನಮ್ಮ ಕುಡಿಯುವ ನೀರಿನ ಮಾನದಂಡ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಎಳೆಗೂಸುಗಳ ರಕ್ತದ ಮೇಲೆ ಆಗುವ ಪರಿಣಾಮವನ್ನು ಗಮನದಲ್ಲಿಟ್ಟು ಮಾಡಿದ ಮಿತಿ ಅದು. ಕೆರೆ ಹಸಿರಾಗದಿರಲು ಎಷ್ಟಿರಬೇಕು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಫಾಸ್ಫೇಟಿನಲ್ಲಿರುವ ಮೂಲವಸ್ತುವಾದ ರಂಜಕಕ್ಕಂತೂ ಆ ಮಾನದಂಡದಲ್ಲಿ ಮಿತಿಯೇ ಇಲ್ಲ. ಕೆರೆಯ ಲೆಕ್ಕ ನಡೆಯುವುದು ಮಿಲಿಗ್ರಾಂನಲ್ಲಲ್ಲ, ಅದರ ಸಾವಿರದ ಒಂದು ಪಾಲಾದ ಮೈಕ್ರೋಗ್ರಾಂನಲ್ಲಿ. ಸರೋವರಗಳನ್ನು ವರ್ಗೀಕರಿಸಲು ಇಂದಿಗೂ ಬಳಸುವ 1982ರ ಅಂತರರಾಷ್ಟ್ರೀಯ ಅಳತೆಯ ಪ್ರಕಾರ ಲೀಟರಿಗೆ ಒಟ್ಟು ರಂಜಕ 10 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ನೀರು ಪೋಷಕಾಂಶ ಕಡಿಮೆಯಿರುವ ನೀರು, 35 ದಾಟಿದರೆ ಸಮೃದ್ಧ, 100 ದಾಟಿದರೆ ಅತಿಸಮೃದ್ಧ. ಎಷ್ಟೋ ಪ್ರಯೋಗಾಲಯಗಳ ಸಾಮಾನ್ಯ ಫಾಸ್ಫೇಟ್ ಪರೀಕ್ಷೆಗೆ ಇಷ್ಟು ಸಣ್ಣ ಪ್ರಮಾಣ ಸಿಗುವುದೇ ಇಲ್ಲ.

ಇನ್ನೂ ಮುಖ್ಯವಾದ ಕಾರಣ ಬೇರೆ ಇದೆ. ಆ ಪರೀಕ್ಷೆ ಅಳೆಯುವುದು ನೀರಿನಲ್ಲಿ ಕರಗಿ ಉಳಿದಿರುವ ಫಾಸ್ಫೇಟನ್ನು ಮಾತ್ರ. ನಿಮ್ಮ ಕೆರೆಯಲ್ಲಿ ಅದನ್ನೆಲ್ಲ ಪಾಚಿ ಆಗಲೇ ಹೀರಿಕೊಂಡು ಮೈಯಲ್ಲಿ ಇಟ್ಟುಕೊಂಡಿದೆ. ಮದುವೆ ಊಟದ ಕೊನೆಯ ಪಂಕ್ತಿ ಎದ್ದ ಮೇಲೆ ಖಾಲಿ ಪಾತ್ರೆ ನೋಡಿ ಇಲ್ಲಿ ಅಡುಗೆಯೇ ಆಗಿರಲಿಲ್ಲ ಎಂದಂತಾಯಿತು ನಿಮ್ಮ ವರದಿ. ಹಸಿರು ನೀರಿನಲ್ಲಿ ಫಾಸ್ಫೇಟ್ ‘ಪತ್ತೆಯಾಗಿಲ್ಲ’ ಎಂದು ಬಂದರೆ ನಾನು ಅದನ್ನು ಸಮಾಧಾನದ ಸುದ್ದಿಯಾಗಿ ಓದುವುದಿಲ್ಲ. ಪಾಚಿ ಹಸಿದಿದೆ, ಒಳಗೆ ಬಂದದ್ದನ್ನೆಲ್ಲ ಆಗಿಂದಾಗಲೇ ಮುಗಿಸುತ್ತಿದೆ ಎಂದು ಓದುತ್ತೇನೆ.

ಎಷ್ಟು ಕಡಿಮೆ ರಂಜಕ ಸಾಕು ಎಂಬುದು ರೈತರಾದ ನಿಮಗೆ ಡಿಎಪಿ ಗೊಬ್ಬರದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿದೀತು. 50 ಕಿಲೋದ ಒಂದು ಚೀಲ ಡಿಎಪಿಯಲ್ಲಿ ಶುದ್ಧ ರಂಜಕ ಸುಮಾರು 10 ಕಿಲೋ. ನಿಮ್ಮ 12 ಎಕರೆಯ, ಎರಡು ಮೀಟರ್ ಆಳದ ಕೆರೆಯಲ್ಲಿ ಹೆಚ್ಚುಕಡಿಮೆ ಹತ್ತು ಕೋಟಿ ಲೀಟರ್ ನೀರಿದೆ. ಆ ಒಂದು ಚೀಲ ಇಡೀ ಕೆರೆಗೆ ಹರಡಿದರೆ ಲೀಟರಿಗೆ ಸುಮಾರು 100 ಮೈಕ್ರೋಗ್ರಾಂ ಆಯಿತು, ಅಂದರೆ ಅತಿಸಮೃದ್ಧದ ಹೊಸ್ತಿಲು. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಒಂದು ಗ್ರಾಂಗಿಂತ ಹೆಚ್ಚು ರಂಜಕ ಹೊರಬೀಳುತ್ತದೆ. ಸಾವಿರ ಜನರ ಬಡಾವಣೆಯ ಚರಂಡಿ ಕೆರೆಗೆ ಬಿದ್ದರೆ ಹತ್ತು ದಿನದೊಳಗೆ ಒಂದು ಚೀಲ ಸುರಿದ ಹಾಗೆ, ಅದೂ ವರ್ಷವಿಡೀ. ಪಾಚಿಯ ದೇಹದ ಸರಾಸರಿ ರಚನೆಯ ಪ್ರಕಾರ ಒಂದು ಗ್ರಾಂ ರಂಜಕ ಸುಮಾರು ನೂರು ಗ್ರಾಂ ಒಣ ಪಾಚಿಗೆ ಸಾಕಾಗುತ್ತದೆ.

ಇದರಲ್ಲಿ ನೈಟ್ರೇಟಿನಲ್ಲಿರುವ ಸಾರಜನಕಕ್ಕಿಂತ ರಂಜಕವೇ ಏಕೆ ಎಂದು ನೀವು ಕೇಳಬಹುದು. ಕೆನಡಾದ ಒಂಟಾರಿಯೋದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. ಅಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಜೊತೆಗಾರರು 1973ರಲ್ಲಿ 226 ಸಂಖ್ಯೆಯ ಸರೋವರವನ್ನು ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿ ಒಂದು ಕಡೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರುಗಟ್ಟಿತು, ಇನ್ನೊಂದು ಭಾಗ ತಿಳಿಯಾಗಿಯೇ ಉಳಿಯಿತು. ಪಕ್ಕದ 227ರಲ್ಲಿ 1990ರಿಂದ ಸಾರಜನಕ ಹಾಕುವುದನ್ನು ಪೂರ್ತಿ ನಿಲ್ಲಿಸಿ ರಂಜಕ ಮಾತ್ರ ಮುಂದುವರಿಸಿದರೂ ಪಾಚಿ ನಿಲ್ಲಲಿಲ್ಲ. ಗಾಳಿಯ ಸಾರಜನಕವನ್ನು ತಾವೇ ಹಿಡಿದುಕೊಳ್ಳಬಲ್ಲ ನೀಲಿ-ಹಸಿರು ಪಾಚಿಗಳು ಆ ಕೊರತೆಯನ್ನು ತುಂಬಿದವು. ಅನಬೀನಾ ಅಂಥದ್ದೊಂದು. ನಮ್ಮ ಗದ್ದೆಗಳಲ್ಲಿ ಗೊಬ್ಬರವೆಂದು ಬೆಳೆಸುವ ಅಜೋಲ್ಲಾದ ಎಲೆಯೊಳಗೆ ಕೂತು ಸಾರಜನಕ ಹಿಡಿದುಕೊಡುವುದೂ ಅದರದೇ ಬಳಗ. ರಂಜಕಕ್ಕೆ ಗಾಳಿಯಲ್ಲಿ ಇಂಥ ಉಗ್ರಾಣವಿಲ್ಲ.

ಹಾಗೆಂದು ಕೆನಡಾದ ತಣ್ಣನೆಯ ಸರೋವರದ ಪಾಠವನ್ನು ನಮ್ಮ ಕೆರೆಗೆ ಹಾಗೆಯೇ ಹೊಂದಿಸಲಾಗದು. ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ತಳದ ಬ್ಯಾಕ್ಟೀರಿಯಾಗಳು ಬಹಳಷ್ಟು ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಕೊಳಚೆಯಲ್ಲಿ ರಂಜಕ ಮೊದಲೇ ಧಾರಾಳ. ಹೀಗಾಗಿ ಬೇಸಿಗೆಯಲ್ಲಿ ಕೊರತೆ ಬೀಳುವುದು ಸಾರಜನಕಕ್ಕೇ ಇರಬಹುದು. ಎರಡನ್ನೂ ಕಡಿಮೆ ಮಾಡಬೇಕೆನ್ನುವ ವಿಜ್ಞಾನಿಗಳ ವಾದದಲ್ಲಿ ತೂಕವಿದೆ. ಆದರೆ ಹಣ ಕಡಿಮೆಯಿದ್ದು ಯಾವುದಾದರೂ ಒಂದನ್ನು ಮೊದಲು ತಡೆಯಬೇಕೆಂದರೆ ನಾನು ರಂಜಕವನ್ನೇ ಆರಿಸುತ್ತೇನೆ, ಏಕೆಂದರೆ ಅದು ಆವಿಯಾಗಿ ಹೋಗುವುದಿಲ್ಲ. ಕೆರೆಗೆ ಬಂದದ್ದು ಕೋಡಿ ಅಥವಾ ತೂಬಿನಿಂದ ಹೋಗಬೇಕು, ಇಲ್ಲವೇ ಮನುಷ್ಯರು ಹೊತ್ತು ಹಾಕಬೇಕು.

‘ಪಾಚಿ’ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ನೂರಾರು ಬಗೆಗಳಿವೆ. ನೀರಿನಲ್ಲಿ ತೇಲುವ ಈ ಸಸ್ಯಪ್ಲವಕಗಳಲ್ಲಿ ಯಾವುದು ಮೇಲುಗೈ ಪಡೆಯುತ್ತದೆ ಎಂಬುದನ್ನು ನೋಡಿದರೆ ಕೆರೆಯ ಆರೋಗ್ಯ ಬಹಳಷ್ಟು ಗೊತ್ತಾಗುತ್ತದೆ. ಮಲೆನಾಡಿನ ಮೆದು ನೀರಿನ, ಗೊಬ್ಬರ ತಾಗದ ಹಳ್ಳಕೊಳ್ಳಗಳಲ್ಲಿ ಡೆಸ್ಮಿಡ್ ಎಂಬ ಸೂಕ್ಷ್ಮ ಹಸಿರು ಪಾಚಿಗಳು ಸಿಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವುಗಳಷ್ಟು ಚೆಂದದ ಜೀವಿಗಳು ಕಡಿಮೆ. ಪೋಷಕಾಂಶ ಏರಿದಂತೆ ಮೊದಲು ಮರೆಯಾಗುವವರಲ್ಲಿ ಅವೂ ಸೇರಿವೆ. ಸಿಲಿಕಾದ ಚಿಪ್ಪು ಕಟ್ಟಿಕೊಳ್ಳುವ ಡಯಾಟಮ್‌ಗಳು ಹರಿಯುವ, ಕಲಕುವ ನೀರಿನಲ್ಲಿ ಚೆನ್ನಾಗಿರುತ್ತವೆ. ಡಯಾಟಮ್ ಇದ್ದರೆ ನೀರು ಶುದ್ಧ ಎಂಬ ಮಾತು ಮಾತ್ರ ಅರೆಸತ್ಯ. ನಿಟ್ಜ್‌ಷಿಯಾ ಪೇಲಿಯಾದಂಥವು ಕೊಳಚೆಯಲ್ಲೇ ಬೆಳೆಯುತ್ತವೆ. ಪೋಷಕಾಂಶ ಮಧ್ಯಮ ಮಟ್ಟ ದಾಟಿದಾಗ ಸೀನೆಡೆಸ್ಮಸ್, ಪೀಡಿಯಾಸ್ಟ್ರಮ್‌ನಂಥ ಹಸಿರು ಪಾಚಿಗಳು ಹೆಚ್ಚುತ್ತವೆ. ಇವು ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳಾದ ಪ್ರಾಣಿಪ್ಲವಕಗಳಿಗೆ ಆಹಾರ, ಅವು ಮೀನಿಗೆ ಆಹಾರ. ಈ ಹಂತದ ತೆಳು ಹಸಿರು ನೀರಿಗೆ ಹೆದರಬೇಕಿಲ್ಲ. ಕೊಳೆಯುವ ವಸ್ತು, ಅಮೋನಿಯಾ ಹೆಚ್ಚಾದಲ್ಲಿ ಯೂಗ್ಲೀನಾ ಬರುತ್ತದೆ. ಅದರಲ್ಲಿ ಒಂದು ಜಾತಿ ಬಿಸಿಲೇರಿದಾಗ ಕೆಂಪು ಬಣ್ಣವನ್ನು ಮೈತುಂಬ ಹರಡಿಕೊಳ್ಳುತ್ತದೆ. ಕಲ್ಯಾಣಿಯ ನೀರು ರಕ್ತವಾಯಿತು, ಊರಿಗೆ ಕೇಡು ಎಂದು ಜನ ಗಾಬರಿಯಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಕೊನೆಗೆ, ಬಿಸಿಲು ಜೋರಾಗಿ ನೀರು ನಿಶ್ಚಲವಾದಾಗ ಮೈಕ್ರೋಸಿಸ್ಟಿಸ್‌ನ ಕಾಲ. ಇದರ ಕೋಶದೊಳಗೆ ಗಾಳಿ ತುಂಬಿದ ಸೂಕ್ಷ್ಮ ಕೋಶಿಕೆಗಳಿವೆ. ಬೆಳಕು ಬೇಕೆಂದಾಗ ಮೇಲೇಳುತ್ತದೆ, ತಳದ ಪೋಷಕಾಂಶ ಬೇಕೆಂದಾಗ ಇಳಿಯುತ್ತದೆ. ಮೇಲೆ ಕೆನೆಗಟ್ಟಿ ಉಳಿದ ಪಾಚಿಗಳಿಗೆ ಬೆಳಕು ತಪ್ಪಿಸುತ್ತದೆ. ಗುಂಪಾಗಿ ಲೋಳೆಯಲ್ಲಿ ಅಂಟಿಕೊಂಡಿರುವುದರಿಂದ ಪ್ರಾಣಿಪ್ಲವಕಗಳಿಗೆ ನುಂಗಲೂ ಕಷ್ಟ. ತಿನ್ನುವವರಿಲ್ಲದ ಪಾಚಿ ಹೀಗೆ ರಾಶಿ ಬೀಳುತ್ತದೆ. ಸ್ಪಿರುಲಿನಾ ಕೂಡ ನೀಲಿ-ಹಸಿರು ಬಳಗದ್ದೇ ನಿಜ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದರ ಕೃಷಿಯ ಬಗ್ಗೆ ಸಾಕಷ್ಟು ಕೆಲಸ ಮಾಡಿದೆ. ಆದರೆ ಅದನ್ನು ಶುದ್ಧ ತಳಿಯಾಗಿ, ಬೇರೆ ಪಾಚಿ ಬದುಕಲು ಕಷ್ಟಪಡುವ ಕ್ಷಾರೀಯ ನೀರಿನಲ್ಲಿ ಬೆಳೆಸುತ್ತಾರೆ. ಕೆರೆಯ ಕೆನೆಗೂ ಅದಕ್ಕೂ ಇರುವ ನಂಟು ತಿನ್ನುವ ಅಣಬೆಗೂ ವಿಷದ ಅಣಬೆಗೂ ಇರುವಷ್ಟೇ.

ಆಮ್ಲಜನಕದ ಮಾತೂ ಅರ್ಧ ನಿಜ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಲು ಅದನ್ನು ಬಳಸುತ್ತದೆ. ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳೂ ಬಳಸುತ್ತವೆ. ಸೂರ್ಯ ಹುಟ್ಟುವ ಮುನ್ನ ನೀರಿನಲ್ಲಿ ಉಳಿಯುವುದು ಅತಿ ಕಡಿಮೆ. ನಿಮ್ಮ ಮೀನುಗಳು ಬೆಳಗಿನ ಜಾವ ಸತ್ತದ್ದಕ್ಕೆ ಬಹುಪಾಲು ಇದೇ ಕಾರಣ, ಯಾರೋ ವಿಷ ಹಾಕಿದರು ಎಂದು ಊರಿನಲ್ಲಿ ಜಗಳ ಬೇಡ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಮಾದರಿ ತೆಗೆದವರಿಗೆ ಇದು ಕಾಣುವುದೇ ಇಲ್ಲ.

ಈಗ ಹೂಳೆತ್ತಿದ ಕೆಲಸದ ಬಗ್ಗೆ. ಒಳ್ಳೆಯ ಮನಸ್ಸಿನಿಂದ, ಕೈಯಿಂದ ಹಣ ಹಾಕಿ ಮಾಡಿದ್ದೀರಿ ಎಂಬುದು ಪತ್ರದಲ್ಲಿ ಕಾಣುತ್ತದೆ. ನೋವಾದರೂ ಹೇಳಬೇಕು, ಕೆರೆ ಹಸಿರಾಗಲು ಚರಂಡಿ ಎಷ್ಟು ಕಾರಣವೋ ಗಿಡ ತೆಗೆದದ್ದೂ ಅಷ್ಟೇ ಕಾರಣವಿರಬಹುದು. ಆಳವಿಲ್ಲದ ಕೆರೆ ಒಂದೇ ಮಟ್ಟದ ಪೋಷಕಾಂಶದಲ್ಲಿ ಎರಡು ಬೇರೆ ಸ್ಥಿತಿಗಳಲ್ಲಿ ನೆಲೆಯೂರಬಲ್ಲದು ಎಂದು ಡಚ್ ವಿಜ್ಞಾನಿ ಮಾರ್ಟನ್ ಶೆಫರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ವಿವರಿಸಿದರು. ನೀರೊಳಗೆ ಗಿಡ ಇದ್ದರೆ ಅದು ಹೂಳನ್ನು ಹಿಡಿದಿಡುತ್ತದೆ, ಪೋಷಕಾಂಶ ಹೀರುತ್ತದೆ, ಪಾಚಿ ತಿನ್ನುವ ಪ್ರಾಣಿಪ್ಲವಕಗಳಿಗೆ ಮೀನಿನಿಂದ ಅಡಗಲು ಜಾಗ ಕೊಡುತ್ತದೆ. ನೀರು ತಿಳಿಯಾಗಿರುತ್ತದೆ, ತಿಳಿಯಾಗಿರುವುದರಿಂದ ಗಿಡಕ್ಕೆ ಬೆಳಕು ಸಿಗುತ್ತದೆ. ಗಿಡ ಹೋದರೆ ಈ ಸರಪಳಿ ತಿರುಗಿಬೀಳುತ್ತದೆ. ಪಾಚಿ ಬೆಳೆದು ನೀರು ಮಬ್ಬಾಗುತ್ತದೆ, ಮಬ್ಬು ನೀರಿನಲ್ಲಿ ಹೊಸ ಗಿಡ ಮೊಳೆಯುವುದಿಲ್ಲ. ಮೊಳೆತ ನಾಲ್ಕನ್ನೂ ಹುಲ್ಲುಗೆಂಡೆ ತಿಂದು, ಅದರಲ್ಲಿದ್ದ ರಂಜಕವನ್ನು ಹಿಕ್ಕೆಯಾಗಿ ಪಾಚಿಗೆ ಕೊಡುತ್ತದೆ. ಕಳೆ ತೆಗೆದ ಕೆರೆ ಸ್ವಚ್ಛ ಕೆರೆ ಎಂಬ ನಂಬಿಕೆ ನಮ್ಮ ಎಷ್ಟೋ ಕೆರೆಗಳನ್ನು ಹಸಿರುಗಟ್ಟಿಸಿದೆ. ನೀರನ್ನು ಪೂರ್ತಿ ಮುಚ್ಚುವ ತೇಲುಕಳೆಗಳನ್ನು ತೆಗೆಯಬೇಕು, ಆ ವಿಷಯ ಬೇರೆ. ಬೇರೂರಿದ ಜೊಂಡು, ನೈದಿಲೆ, ನೀರೊಳಗಿನ ಗಿಡಗಳು ಕೆರೆಯ ಆಸ್ತಿ.

ದಾರಿಗಳೇನು? ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಬೇಡವೇ ಬೇಡ. ಅಡಿಕೆಗೆ ಮೈಲುತುತ್ತದಿಂದ ಮಾಡುವ ಬೋರ್ಡೋ ದ್ರಾವಣ ಸಿಂಪಡಿಸುವ ನಿಮ್ಮ ಕಡೆ ಅದು ಸುಲಭವಾಗಿ ಸಿಗುತ್ತದೆ ಎಂಬುದೇ ನನ್ನ ಭಯ. ಅದು ಪಾಚಿಯನ್ನು ಕೊಲ್ಲುತ್ತದೆ ನಿಜ. ಆದರೆ ಕೋಶ ಒಡೆದಾಗ ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಸೇರುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಜಲಾಶಯಕ್ಕೆ ತಾಮ್ರದ ಸಲ್ಫೇಟ್ ಹಾಕಿದ ಬಳಿಕ ನೂರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಇದಲ್ಲದೆ ಪಾಚಿ ಒಟ್ಟಿಗೆ ಕೊಳೆತು ಆಮ್ಲಜನಕ ಮುಗಿಯುತ್ತದೆ, ಪ್ರಾಣಿಪ್ಲವಕಗಳು ತಾಮ್ರಕ್ಕೆ ಸಾಯುತ್ತವೆ, ತಾಮ್ರ ಹೂಳಿನಲ್ಲಿ ಉಳಿಯುತ್ತದೆ. ರಂಜಕ ಅಲ್ಲೇ ಇರುವುದರಿಂದ ಹೊಸ ಪಾಚಿ ಹೇಗೂ ಬರುತ್ತದೆ. ಸೂಕ್ಷ್ಮಜೀವಿ ಪುಡಿ, ಡಯಾಟಮ್ ಬೆಳೆಸುವ ದ್ರವ ಇತ್ಯಾದಿ ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಇದು ರಂಜಕವನ್ನು ಕೆರೆಯಿಂದ ಹೊರಗೆ ಯಾವ ದಾರಿಯಲ್ಲಿ ಒಯ್ಯುತ್ತದೆ? ಉತ್ತರ ಬರದಿದ್ದರೆ ಹಣ ಉಳಿಸಿಕೊಳ್ಳಿ. ಗಾಳಿ ಊದುವ ಯಂತ್ರಗಳು ಬೇಸಿಗೆಯ ರಾತ್ರಿಗಳಲ್ಲಿ ಮೀನು ಉಳಿಸಬಲ್ಲವು, ಅಷ್ಟು ಮಾತ್ರ ಅವುಗಳಿಂದ ನಿರೀಕ್ಷಿಸಿ. ಪಟಿಕದ ಮದ್ದು ರಂಜಕವನ್ನು ಕಟ್ಟಿ ತಳಕ್ಕಿಳಿಸುತ್ತದೆ. ಆದರೆ ಪಾಚಿ ದಟ್ಟವಾಗಿ ನೀರಿನ ಪಿಎಚ್ 9 ದಾಟಿದಾಗ ಅದರ ಪರಿಣಾಮ ಕುಗ್ಗುತ್ತದೆ, ಪ್ರಮಾಣ ತಪ್ಪಿದರೆ ಮೀನಿಗೆ ಅಪಾಯ. ಚರಂಡಿ ನಿಲ್ಲದ ಕೆರೆಗೆ ನಾನು ಅದನ್ನು ಹೇಳುವುದಿಲ್ಲ.

ನಿಜವಾದ ಕೆಲಸ ಇರುವುದು ನೀರು ಒಳಬರುವ ಬಾಯಲ್ಲಿ. ಕೊಳಚೆಯನ್ನು ತಪ್ಪಿಸಿ ಕೆರೆ ಸುತ್ತ ಕಾಲುವೆ ತೋಡಿ ಕೋಡಿಯಾಚೆ ಬಿಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದರಿಂದ ಕೆಳಗಿನ ಊರಿನ ಕೆರೆ ಹಾಳಾಗುತ್ತದೆ, ನಿಮ್ಮ ಅಚ್ಚುಕಟ್ಟಿಗೆ ನೀರೂ ಕಡಿಮೆಯಾಗುತ್ತದೆ. ಸಂಸ್ಕರಣಾ ಘಟಕ ಬರಲಿ ಎಂದು ಒತ್ತಾಯಿಸಿ. ಆದರೆ ಸಾಮಾನ್ಯ ಘಟಕ ದುರ್ವಾಸನೆ, ಕೊಳೆ ತೆಗೆಯುವಷ್ಟು ಚೆನ್ನಾಗಿ ರಂಜಕ ತೆಗೆಯುವುದಿಲ್ಲ. ತಿಳಿಯಾಗಿ ಕಾಣುವ ಸಂಸ್ಕರಿತ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ರಂಜಕ ಇದ್ದರೂ ಅದು 1000 ಮೈಕ್ರೋಗ್ರಾಂ, ಅತಿಸಮೃದ್ಧದ ಗಡಿಗಿಂತ ಹತ್ತು ಪಟ್ಟು. ಆದ್ದರಿಂದ ಘಟಕದ ನೀರು ನೇರ ಕೆರೆಗೆ ಬೀಳದೆ ಜೊಂಡು ಬೆಳೆದ ಆಳವಿಲ್ಲದ ಜೌಗಿನಲ್ಲಿ ನಿಧಾನವಾಗಿ ಹಾದು ಬರಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಹೀಗೆ ಮಾಡಿದ್ದಾರೆ, ಸಾಧ್ಯವಾದರೆ ಪಂಚಾಯಿತಿಯವರನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ. ಒಂದು ಷರತ್ತು: ಜೊಂಡನ್ನು ಪ್ರತಿ ವರ್ಷ ಕೊಯ್ದು ಹೊರಗೆ ಸಾಗಿಸಬೇಕು. ಕೊಯ್ಯದೆ ಬಿಟ್ಟರೆ ಅದು ಅಲ್ಲೇ ಕೊಳೆತು ಹೀರಿದ್ದನ್ನು ಹಿಂದಿರುಗಿಸುತ್ತದೆ. ಇಂಥ ಜೌಗುಗಳು ಸೋಲುವುದು ಹೆಚ್ಚಾಗಿ ಈ ನಿರ್ಲಕ್ಷ್ಯದಿಂದಲೇ.

ಜೊತೆಗೆ ಮೀನಿನ ಗುತ್ತಿಗೆಯ ಕರಾರು ನೋಡಿ. ಇಳುವರಿ ಹೆಚ್ಚಲೆಂದು ಸಗಣಿ, ಕೋಳಿಗೊಬ್ಬರ, ಸೂಪರ್ ಫಾಸ್ಫೇಟ್ ಹಾಕುವುದು ಮೀನುಕೊಳಗಳಲ್ಲಿ ಒಪ್ಪಿತ ಪದ್ಧತಿ. ಅದನ್ನು ಊರ ಕೆರೆಯಲ್ಲಿ ಮಾಡಲು ಬಿಡಬೇಡಿ. ಹುಲ್ಲುಗೆಂಡೆಯನ್ನು ಹಿಡಿದು ತೆಗೆಯಿರಿ, ತಳ ಕೆದಕುವ ಸಾಮಾನ್ಯ ಗೆಂಡೆಯನ್ನು ಮತ್ತೆ ಬಿಡಬೇಡಿ. ಸಣ್ಣ ಮೀನು ತಿನ್ನುವ ಕೊರಮೀನಿನಂಥ ಸ್ಥಳೀಯ ಜಾತಿಗಳು ಇರಲಿ. ಮೀನು ಬದಲಿಸಿದ ಮಾತ್ರಕ್ಕೆ ಉಷ್ಣ ವಲಯದ ಕೆರೆ ತಿಳಿಯಾಗುತ್ತದೆ ಎಂದು ಭರವಸೆ ಕೊಡಲಾರೆ, ಆದರೆ ಗಿಡ ಮತ್ತೆ ಬೇರೂರಲು ಇದು ಬೇಕೇ ಬೇಕು.

ಹೊರಗಿನ ರಂಜಕ ನಿಂತ ಮೇಲೂ ತಳದ ಹೂಳು ಸುಮ್ಮನಿರುವುದಿಲ್ಲ. ಹೂಳಿನಲ್ಲಿ ಕಬ್ಬಿಣ ರಂಜಕವನ್ನು ಹಿಡಿದಿರುತ್ತದೆ, ತಳದಲ್ಲಿ ಆಮ್ಲಜನಕ ಮುಗಿದಾಗ ಆ ಹಿಡಿತ ಸಡಿಲಗೊಂಡು ರಂಜಕ ನೀರಿಗೆ ಬರುತ್ತದೆ. ಯುರೋಪಿನ ಎಷ್ಟೋ ಸರೋವರಗಳು ಕೊಳಚೆ ನಿಂತ ಮೇಲೂ ಹೊಸ ಸಮತೋಲಕ್ಕೆ ಬರಲು ಹತ್ತು ಹದಿನೈದು ವರ್ಷ ತೆಗೆದುಕೊಂಡವು. ಇಲ್ಲಿ ನಮಗೊಂದು ಅನುಕೂಲವಿದೆ. ನಮ್ಮ ಕೆರೆಗಳು ಬೇಸಿಗೆಯಲ್ಲಿ ಇಳಿಯುತ್ತವೆ, ಅಂಗಳ ಒಣಗುತ್ತದೆ. ಆಗ ಮೇಲಿನ ಕಪ್ಪು ಗೋಡನ್ನು ಹೊಲಕ್ಕೆ ಹೊಡೆಯುವ ಹಳೆಯ ರೂಢಿ ರಂಜಕವನ್ನು ಕೆರೆಯಿಂದ ಹೊರಹಾಕುವ ಅತ್ಯುತ್ತಮ ವಿಧಾನ. ಹೊಡೆಯುವ ಮುನ್ನ ಕೊಳಚೆ ಬಿದ್ದ ಕೆರೆಯ ಗೋಡಿನಲ್ಲಿ ಭಾರಲೋಹಗಳಿವೆಯೇ ಎಂದು ಪರೀಕ್ಷಿಸಿಕೊಳ್ಳಿ. ಈ ಸಲ ಜೆಸಿಬಿಯವರಿಗೆ ಇಡೀ ಕೆರೆಯನ್ನು ಬಟ್ಟಲಿನಂತೆ ಕೊರೆಯಲು ಬಿಡದೆ, ಒಂದು ಕಡೆಯ ಇಳಿಜಾರು ಅಂಗಳವನ್ನು ಬೀಜ ಸಮೇತ ಹಾಗೆಯೇ ಉಳಿಸಿ.

ಪರೀಕ್ಷೆಗೆ ಮತ್ತೆ ಹಣ ಹಾಕುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಕೈಗವಸು ಹಾಕಿಕೊಂಡು ಕೆನೆಯಿಲ್ಲದ ಕಡೆ, ಮೇಲ್ಮೈಗಿಂತ ಸ್ವಲ್ಪ ಕೆಳಗಿನ ನೀರನ್ನು ಗಾಜಿನ ಬಾಟಲಿಯಲ್ಲಿ ಮುಕ್ಕಾಲು ತುಂಬಿ ಒಂದು ರಾತ್ರಿ ಅಲುಗಿಸದೆ ಇಡಿ. ಹಸಿರೆಲ್ಲ ಮೇಲೆ ಬಂದು ಉಂಗುರಗಟ್ಟಿದರೆ ತೇಲುವ ನೀಲಿ-ಹಸಿರು ಪಾಚಿ ಇದೆ ಎಂದು ತಿಳಿಯಿರಿ. ತಳಕ್ಕಿಳಿದರೆ ಅಥವಾ ನೀರಿನಲ್ಲೇ ಹರಡಿ ಉಳಿದರೆ ಬೇರೆ ಬಗೆಯದ್ದಿರುವ ಸಾಧ್ಯತೆ ಹೆಚ್ಚು. ಇದು ಸುಳಿವು ಮಾತ್ರ, ವಿಷ ಇದೆಯೋ ಇಲ್ಲವೋ ಎಂಬುದನ್ನು ಇದು ಹೇಳದು. ಒಂದಿಷ್ಟು ನೀರಿಗೆ, ಪಾಚಿ ಕೆಡದಂತೆ ಇಡುವ ಲುಗಾಲ್ ಅಯೋಡಿನ್ ಹನಿಸಿ ಹತ್ತಿರದ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೆ ಒಯ್ದರೆ ಯಾವ ಪಾಚಿ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ.

ಪ್ರಯೋಗಾಲಯಕ್ಕೆ ಕೊಡುವಾಗ ‘ಸೋಸದ ನೀರಿನ ಒಟ್ಟು ರಂಜಕ, ಒಟ್ಟು ಸಾರಜನಕ, ಕ್ಲೋರೊಫಿಲ್-ಎ’ (ಪಾಚಿ ಎಷ್ಟಿದೆ ಎಂದು ತೋರಿಸುವ ಹಸಿರು ಬಣ್ಣದ ವಸ್ತು) ಎಂದು ಬರೆದು ಕೊಡಿ, ಫಲಿತಾಂಶ ಮೈಕ್ರೋಗ್ರಾಂನಲ್ಲಿ ಬೇಕೆಂದು ಕೇಳಿ. ಮಳೆ ಮುಗಿದ ಮೇಲೆ, ಜನವರಿಯಲ್ಲಿ, ಏಪ್ರಿಲ್‌ನಲ್ಲಿ ಹೀಗೆ ವರ್ಷಕ್ಕೆ ಮೂರು ಸಲ, ಕೆರೆಯ ಮಧ್ಯದ ನೀರು ಮತ್ತು ಚರಂಡಿ ಸೇರುವ ಬಾಯಿಯ ನೀರು ಎರಡನ್ನೂ ಕಳಿಸಿ. ಕರಗಿದ ಆಮ್ಲಜನಕವನ್ನು ಏಪ್ರಿಲ್‌ನಲ್ಲಿ ಒಮ್ಮೆ ಸೂರ್ಯೋದಯಕ್ಕೆ ಮುಂಚೆ ಅಳೆಸಿ. ಬಾಯಿಯ ನೀರಿಗಿಂತ ಏಪ್ರಿಲ್‌ನಲ್ಲಿ ಮಧ್ಯದ ನೀರಿನಲ್ಲೇ ಒಟ್ಟು ರಂಜಕ ಹೆಚ್ಚಿದ್ದರೆ ಹೂಳು ರಂಜಕ ಬಿಡುತ್ತಿದೆ ಎಂದು ಅನುಮಾನಿಸಬೇಕು, ಆಗ ಗೋಡು ತೆಗೆಯುವುದಕ್ಕೆ ಹಣ ಎತ್ತಿಡಿ. ಬಾಯಿಯಲ್ಲೇ ಬಹಳ ಹೆಚ್ಚಿದ್ದರೆ ಅಷ್ಟೂ ಹಣ ಜೌಗಿಗೆ ಹೋಗಲಿ. ಅಂಕಿಗಳು ಬಂದ ಮೇಲೆ ವರದಿಯ ಪ್ರತಿ ಕಳಿಸಿಕೊಡಿ, ಜೌಗು ಎಷ್ಟು ದೊಡ್ಡದಿರಬೇಕು ಎಂಬುದನ್ನು ಅದನ್ನು ನೋಡಿ ಲೆಕ್ಕ ಹಾಕಬಹುದು.